ಯಶೋದ ಮಗಳನ್ನು ಒಳಗೇ ಮಲಗಿಸಿದಳು

ಯಶೋದಳನ್ನು ಗಯ್ಯಾಳಿ ಎನ್ನುವವರು ಬುಕ್ಕಾಪಟ್ಟಣದ ಸುತ್ತಮುತ್ತ ಬೇಕಾದಷ್ಟಿದ್ದಾರೆ. ಅನ್ನಲಿ. ನಾನು ಅವಳ ಮಗಳು ಗಂಗಾಲಕ್ಷ್ಮಿಗೆ ವಿಜ್ಞಾನ ಪಾಠ ಮಾಡುವ ಟೀಚರ್. ತಾಯಿ ಮಗಳಿಬ್ಬರನ್ನೂ ಹತ್ತಿರದಿಂದ ಕಂಡಿದ್ದೇನೆ. ಯಶೋದಳ ಪಕ್ಷ ವಹಿಸಿಯೇ ಬರೆಯುತ್ತೇನೆ.

ಗೊಲ್ಲರ ಹಟ್ಟಿಯಲ್ಲಿ ಅವಳ ಮನೆ. ಗಂಡ ಗೋಪಾಲ್ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಹೊಲ, ಮನೆ, ಕುರಿಮರಿಗಳು, ಅತ್ತೆ ಪುಟ್ಟಕ್ಕ, ಎಲ್ಲ ಇವಳ ಪಾಲು. ಮಗಳು ಎಂಟನೇ ಕ್ಲಾಸು. ಅವಳು ಓಟದಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರನ್ನೂ ಹಿಂದೆ ಹಾಕಿದ ದಿನದಿಂದ ನಮ್ಮ ಪಿ.ಟಿ. ಮೇಷ್ಟ್ರು ಪ್ರಸನ್ನ ಕುಮಾರ್ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಕು ಹರಿಯುವ ಮುಂಚೆ ಓಟ, ಶಾಲೆ ಬಿಟ್ಟ ಮೇಲೆ ಮತ್ತೆ ಓಟ, ಭಾನುವಾರವೂ ಬಿಡುವಿಲ್ಲ. ಹುಡುಗಿ ಬರೀ ಟೀ ಕುಡಿದು ಮೈದಾನಕ್ಕೆ ಬರುತ್ತಿದ್ದಳು. ಆ ವರ್ಷವೇ ಅವಳು ಸರಸರನೆ ಎತ್ತರ ಬೆಳೆದು, ಯೂನಿಫಾರಂ ಗಿಡ್ಡವಾಗಿತ್ತು.

ಮೊದಲು ನೆಗಡಿ ಬಂತು. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಬಾಯಿಹುಣ್ಣು, ಗಂಟಲು ನೋವು, ಕೊನೆಗೆ ಜ್ವರ. "ಓಡಿದ್ರೆ ಬೆವರಲ್ಲೇ ಜ್ವರ ಇಳಿಯುತ್ತೆ" ಅಂದರು ಮೇಷ್ಟ್ರು. ಕೆಟ್ಟ ಮನುಷ್ಯರಲ್ಲ, ಅವರಿಗೆ ಕಲಿಸಿದವರೂ ಹಾಗೇ ಕಲಿಸಿದ್ದರು. ಆದರೂ ನನಗೆ ಮೈಯೆಲ್ಲ ಉರಿಯಿತು. ಆ ಜ್ವರದಲ್ಲೇ ಹುಡುಗಿ ಮೈನೆರೆದಳು.

ಹಟ್ಟಿಯೊಳಗೆ ದೇವರಿದ್ದಾನೆ, ಮುಟ್ಟಾದವರು ಒಳಗಿರಬಾರದು ಎಂಬುದು ಅಲ್ಲಿನ ಕಟ್ಟಳೆ. ಅವರಿಗೆಂದು ಆಚೆ ಒಂದು ಗುಡಿಸಲು. ಯಶೋದಳೂ ಅದರಲ್ಲಿ ಕೂತವಳೇ, ಬಾಣಂತನವನ್ನೂ ಅಲ್ಲೇ ಕಳೆದವಳು. ಆವತ್ತು ಜಡಿಮಳೆ ಹಿಡಿದಿತ್ತು, ಗುಡಿಸಲ ನೆಲ ಜಿನುಗುತ್ತಿತ್ತು. ಅವಳು ಮಗಳಿಗೆ ಕಂಬಳಿ ಹೊದಿಸಿ ಶಿರಾ ಬಸ್ಸು ಹತ್ತಿಸಿದಳು. ಜೊತೆಗೆ ನಾನೂ ಹೋದೆ.

ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹದವಾಗಿ ಓಡಿದ್ರೆ ರೋಗ ತಡೆಯೋ ಶಕ್ತಿಗೆ ಒಳ್ಳೇದೇ. ಆದ್ರೆ ಇದು ಬೆಳೆಯೋ ವಯಸ್ಸು, ಊಟ ನಿದ್ದೆ ಎರಡೂ ಜಾಸ್ತಿ ಬೇಕು. ಅದನ್ನ ಕೊಡದೆ, ಬಿಡುವೂ ಕೊಡದೆ ಓಡಿಸಿದ್ರೆ ಮೈ ಸೋಲುತ್ತೆ, ನೆಗಡಿ ಜ್ವರ ಬಿಡದೆ ಕಾಡುತ್ತೆ. ಜ್ವರ ಇದ್ದಾಗ ಓಡಲೇಬಾರದು. ಬೆಚ್ಚಗೆ ಮಲಗಿಸಿ, ಹೊಟ್ಟೆ ತುಂಬ ತಿನ್ನಿಸಿ. ಗೆಲುವಾದ ಮೇಲೆ ನಿಧಾನವಾಗಿ ಶುರು ಮಾಡಲಿ."

"ಅಂಗಾರೆ ಓಟ ಬುಡಿಸೋದು ಬ್ಯಾಡ್ವಾ?" ಯಶೋದ ಕೇಳಿದಳು.

"ಖಂಡಿತ ಬೇಡ."

ವಾಪಸ್ಸು ಬಂದಾಗ ಹಟ್ಟಿಯ ಬಾಗಿಲಲ್ಲಿ ಗಂಗಣ್ಣ ನಿಂತಿದ್ದ. ಗೋಪಾಲನ ಅಣ್ಣ, ಹಟ್ಟಿಯ ಯಜಮಾನ.

"ಓಡಿ ಓಡಿ ಮೈ ಕೆಡಿಸ್ಕಂಡವ್ಳೆ. ಗುಡಿಸ್ಲಿಗೆ ಕರ್ಕಂಡೋಗು. ಇನ್ ಓಟ ಗೀಟ ಎಲ್ಲ ಸಾಕು."

"ಜ್ವರ ಬಂದಿರೋ ಮಗೀನ ಮಳೇಲಿ ಮಲಗ್ಸಲ್ಲ ಬಾವ. ಮನೆ ಒಳಗೇ ಮಲಗ್ತಾಳೆ."

"ದೇವ್ರು ಮುನೀತಾನೆ ಕಣಮ್ಮ."

"ಮುನುದ್ರೆ ನನ್ ಮ್ಯಾಲೆ ಮುನೀಲಿ. ನಾನು ಬಾಗ್ಲಲ್ಲೇ ಕುಂತಿರ್ತೀನಿ, ಎಲ್ಲೂ ಓಡೋಗಲ್ಲ."

ಕೂತಳು ಕೂಡ. ಪುಟ್ಟಕ್ಕ ಗೊಣಗಿಕೊಂಡು ದೊಡ್ಡ ಮಗನ ಮನೆ ಸೇರಿದಳು. ಹಟ್ಟಿಯಲ್ಲಿ ಯಾರೂ ಯಶೋದಳ ಜೊತೆ ಮಾತಾಡಲಿಲ್ಲ. ಗೋಪಾಲ್ ಫೋನಿನಲ್ಲಿ, "ಅಣ್ಣನ್ನ ಎದುರಾಕ್ಕಬ್ಯಾಡ" ಅಂದ. "ನೀನು ಬಂದು ಆ ಗುಡಿಸ್ಲಲ್ಲಿ ಒಂದು ರಾತ್ರಿ ಮಲಕ್ಕೋ, ಆಮ್ಯಾಕೆ ಮಾತಾಡು" ಎಂದು ಇವಳು ಫೋನಿಟ್ಟಳು.

ಆ ವಾರವೇ ತಾಲ್ಲೂಕು ಕ್ರೀಡಾಕೂಟ. ಮೇಷ್ಟ್ರು ಮನೆಗೇ ಬಂದರು. "ಮಾತ್ರೆ ಕೊಟ್ಟು ಓಡಿಸೋಣಮ್ಮ. ಈ ವರ್ಷ ತಪ್ಪಿದ್ರೆ ಹೋಯ್ತು."

"ಅವ್ರು ಆಚೆ ಮಲಗ್ಸು ಅಂತಾರೆ, ನೀವು ಎಬ್ಸಿ ಓಡ್ಸು ಅಂತೀರ. ಇಬ್ರಿಗೂ ನನ್ ಮಗ್ಳ ಜ್ವರ ಕಾಣಾಕಿಲ್ಲ. ಈ ವರ್ಷ ಹೋದ್ರೆ ಹೋಗ್ಲಿ ಬುಡಿ."

"ನೀನೇ ನನ್ ಓಟ ತಿಂದ್ಬುಟ್ಟೆ" ಎಂದು ಒಳಗಿಂದ ಗಂಗಾಲಕ್ಷ್ಮಿ ಅಳುತ್ತಾ ಕೂಗಿದಳು. ಆ ಮಾತಿಗೆ ಮಾತ್ರ ಯಶೋದ ಅತ್ತದ್ದನ್ನು ನಾನು ನೋಡಿದೆ. ಆದರೂ ಕಳಿಸಲಿಲ್ಲ.

ಮುದ್ದೆ, ಮೊಟ್ಟೆ, ಹುರಿದ ಕಡಲೆಕಾಯಿ, ಕಣ್ತುಂಬ ನಿದ್ದೆ. ಹುಡುಗಿ ಗೆಲುವಾದಳು. ನಾನು ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಜೊತೆ ದೊಡ್ಡ ಜಗಳವನ್ನೇ ತೆಗೆದು, ಅವರನ್ನೇ ಡಾಕ್ಟರಮ್ಮನ ಹತ್ತಿರ ಕಳಿಸಿದೆ. ಅಲ್ಲಿಂದ ಬಂದವರು ಭಾನುವಾರದ ಓಟ ನಿಲ್ಲಿಸಿದರು. ತಿಂಗಳು ತಿಂಗಳೂ ಗಂಗಾಲಕ್ಷ್ಮಿ ಮನೆಯೊಳಗೇ ಉಳಿದಳು. ತಿಂಗಳು ತಿಂಗಳೂ ಹಟ್ಟಿ ಮುಖ ತಿರುಗಿಸಿತು.

ಬೇಸಿಗೆಗೆ ಮುಂಚೆ ಮಧುಗಿರಿಯಲ್ಲಿ ಯುವಕ ಸಂಘದವರು ಓಟದ ಸ್ಪರ್ಧೆ ಇಟ್ಟರು. ಕುರಿ ಮಾರಲು ಸಂತೆಗೆ ಬಂದಿದ್ದ ಗಂಗಣ್ಣ, ನೋಡದವನಂತೆ ಮೈದಾನದ ಅಂಚಿನಲ್ಲಿ ನಿಂತಿದ್ದ. ಗಂಗಾಲಕ್ಷ್ಮಿ ಎರಡನೆಯವಳಾಗಿ ಬಂದಳು. ಮೇಷ್ಟ್ರಿಗೆ ಹಳೇ ಹುಮ್ಮಸ್ಸು ಉಕ್ಕಿತು.

"ಸ್ವಲ್ಪದರಲ್ಲಿ ಫಸ್ಟು ತಪ್ಪಿತು. ನಾಳೆ ಬೆಳಗ್ಗೆಯಿಂದಲೇ ಶುರು ಮಾಡೋಣ."

ಹುಡುಗಿ ಉಸಿರು ಸುಧಾರಿಸಿಕೊಂಡಳು. ಮೇಷ್ಟ್ರನ್ನೂ ದೊಡ್ಡಪ್ಪನನ್ನೂ ನೋಡಿ, ಅಷ್ಟು ಜನರ ಮಧ್ಯೆ ದನಿ ತಗ್ಗಿಸದೆ ಹೇಳಿದಳು:

"ನಾಳೆ ಬರಲ್ಲ ಸಾ. ನಂಗೆ ಮುಟ್ಟಾಗೈತೆ, ಸುಸ್ತಾಗೈತೆ. ಮನೆ ಒಳಗೆ ನಮ್ಮವ್ವನ ಪಕ್ಕ ಹೊದ್ಕಂಡು ಮಲಗ್ತೀನಿ. ನಾಳಿದ್ದು ಬಂದು ಓಡ್ತೀನಿ."