ಮೇಲಿದ್ದ ಕನ್ನಡಿ
ವೃದ್ಧಾಶ್ರಮದ ಕೆಲಸಕ್ಕೆ ನನ್ನ ನಾದಿನಿಯನ್ನು ಸೇರಿಸಿದವಳು ನಾನೇ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದನ್ನೂ ಕಲಿಸಿದೆ. ಏಳೇ ವರ್ಷದಲ್ಲಿ ಅವಳು ಮೇಲ್ವಿಚಾರಕಿಯಾದಳು. ಹದಿನೆಂಟು ವರ್ಷ ದುಡಿದ ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ಮೊದಲ ದಿನ ಅವಳು ತನ್ನ ಹೊಸ ಕೋಣೆಗೆ ಹೋಗಲೇ ಇಲ್ಲ. ಒಂದು ವೀಲ್‌ಚೇರಿನಲ್ಲಿ ಕೂತು, "ಅತ್ತಿಗೆ, ಸಂಜೆವರೆಗೂ ನಾನು ಏಳಲ್ಲ. ಸ್ವಲ್ಪ ತಳ್ತೀರಾ?" ಎಂದಳು.

"ಹುದ್ದೆ ಬಂದ ದಿನಾನೇ ಸವಾರಿನಾ?" ಎಂದು ಕುಟುಕಿದೆ. ಆದರೂ ತಳ್ಳಿದೆ.

ಕೈ ತೊಳೆಯುವ ಬೇಸಿನ್ನಿನ ಹತ್ತಿರ, "ನಿಲ್ಲಿಸಿ" ಎಂದಳು. ಕತ್ತೆತ್ತಿ ಕನ್ನಡಿ ನೋಡಿದಳು.

"ಅತ್ತಿಗೆ, ಕೂತವರಿಗೆ ಇದರಲ್ಲಿ ಮುಖಾನೇ ಕಾಣಲ್ಲ. ಬರೀ ಫ್ಯಾನು ಕಾಣುತ್ತೆ."

ಮರುದಿನವೇ ಬಡಗಿ ಬಂದು ಕನ್ನಡಿಗಳನ್ನೆಲ್ಲ ಕೆಳಗಿಳಿಸಿದ. ವೀಲ್‌ಚೇರಿನ ಅಜ್ಜಿಯೊಬ್ಬರು ಬಹಳ ಹೊತ್ತು ತಮ್ಮ ಮುಖ ನೋಡಿಕೊಂಡರು. ಆಮೇಲೆ, "ನನ್ನ ಬೈತಲೆ ಯಾರು ಇಷ್ಟು ಸೊಟ್ಟಗೆ ತೆಗೆದಿದ್ದು?" ಎಂದು ಕೇಳಿದರು.

ನಾದಿನಿ ನನ್ನತ್ತ ನೋಡದೆ ಅವರ ಕೈಗೆ ಬಾಚಣಿಗೆ ಕೊಟ್ಟಳು.

ಅವಳ ಹುದ್ದೆಯನ್ನಾದರೂ ಸಹಿಸಿಕೊಂಡೇನು. ನನ್ನತ್ತ ನೋಡದೆ ನನ್ನ ಮಾನ ಉಳಿಸಿದ ಆ ಮರ್ಯಾದೆಯನ್ನು ಹೇಗೆ ಸಹಿಸಲಿ? ನಾಲ್ಕು ವರ್ಷ ಅದೇ ಕನ್ನಡಿಯೆದುರು ಅಜ್ಜಿಯ ತಲೆ ಬಾಚಿ, "ಎಷ್ಟು ಚೆನ್ನಾಗಿ ಕಾಣ್ತೀರಿ, ನೋಡ್ಕೊಳ್ಳಿ" ಎನ್ನುತ್ತಿದ್ದವಳು ನಾನು.