ಹಣ್ಣು ಕೇಳುವ ಬೀದಿ

ಮನೆ ಹುಡುಕುವುದರಲ್ಲಿ ನಾನು ಜಾಣ ಎಂದು ಬಹಳ ಕಾಲ ನಂಬಿದ್ದೆ. ಅದಕ್ಕೆ ಆಧಾರವೇನೂ ಇರಲಿಲ್ಲ. ತಮಿಳು ಸೀಮೆಯ ನಮ್ಮೂರು ಪಾಲಕೋಡ್ ಬಿಟ್ಟು ಬೇರೆಲ್ಲೂ ನಾನು ಮನೆ ಹುಡುಕಿದವನಲ್ಲ, ಅಲ್ಲಿಯೂ ಹುಡುಕಿಕೊಟ್ಟವರು ನನ್ನ ಮಾವ.

ಹೋದ ವರ್ಷ ನನ್ನ ಹೆಂಡತಿ ಕವಿತಾಳಿಗೆ ಚೆನ್ನೈನಲ್ಲಿ ಕೆಲಸ ಸಿಕ್ಕಿತು, ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ. ಅವಳಿಗೂ ಕಾಣದು, ಆರು ವರ್ಷದಿಂದ ಬೆಳಕು ಯಾವ ಕಡೆ ಇದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಪಾಲಕೋಡಿನಲ್ಲಿ ಕೋಲು ಹಿಡಿದು ಒಬ್ಬಳೇ ಓಡಾಡುತ್ತಿದ್ದಳು. ಒಬ್ಬಳೇ ಎಂದರೆ, ಅಂಗಡಿಯಿಂದ ಅಂಗಡಿಗೆ ಜನ ಅವಳನ್ನು ಮಾತಿನಲ್ಲೇ ದಾಟಿಸುತ್ತಿದ್ದರು, ನಾನು ಸ್ವಲ್ಪ ಹಿಂದೆ ಕಳ್ಳನ ಹಾಗೆ ಬರುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು, ಹಿಡಿಸುತ್ತಿರಲಿಲ್ಲ. ಚೆನ್ನೈಗೆ ಹೊರಡಲು ಅವಳು ಹಾಕಿದ ಷರತ್ತು ಒಂದೇ: ಮನೆಯಿಂದ ಶಾಲೆಗೆ ತಾನೊಬ್ಬಳೇ ಹೋಗಿಬರುವಂತಿರಬೇಕು. ಆಗದಿದ್ದರೆ ಆ ಕೆಲಸವೇ ಬೇಡ.

ನಾನು ಕರಡು ತಿದ್ದಿ ಬದುಕುವವನು. ಎಲ್ಲಿ ಕೂತರೂ ತಪ್ಪು ಸಿಗುತ್ತದೆ, ಹಾಗಾಗಿ ಊರಿನ ಹಂಗಿಲ್ಲ. ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದೆ: ಬಾಡಿಗೆ, ನೀರು, ಬಸ್ಸು, ಶಾಲೆಗೆ ಎಷ್ಟು ದೂರ. ನಮ್ಮ ಹಳೆಯ ಕವಿಗಳು ಅಷ್ಟಾದಶ ವರ್ಣನೆಯಲ್ಲಿ ನಗರವನ್ನು ಬಿಟ್ಟವರಲ್ಲ. ಕೋಟೆ, ಕೊತ್ತಲ, ಮುಗಿಲು ಮುಟ್ಟುವ ಮಾಡ, ರತ್ನ ಸುರಿದ ಅಂಗಡಿಬೀದಿ ಎಲ್ಲ ಉಂಟು. ಯಾವ ಬೀದಿಯಲ್ಲಿ ಬಾಡಿಗೆಗೆ ಇಳಿದರೆ ಒಳ್ಳೆಯದು ಎಂದು ಮಾತ್ರ ಒಬ್ಬನೂ ಹೇಳಿಲ್ಲ. ಪಾಪ, ಅವರಿಗೆಲ್ಲ ರಾಜರೇ ಮನೆ ಕೊಡುತ್ತಿದ್ದರೇನೋ.

ನನ್ನ ನೋಟ್‌ಬುಕ್ಕಿನಲ್ಲಿ ಮೊದಲು ಗೆದ್ದದ್ದು ಒಂದು ಫ್ಲ್ಯಾಟು. ಲಿಫ್ಟು, ಮರಗಳ ಸಾಲು, ಶಾಲೆಗೆ ಐದೇ ನಿಮಿಷ. ಬಾಡಿಗೆ ಕೇಳಿದಾಗ ನನ್ನ ಕಿವಿಯ ಮೇಲೆ ನನಗೇ ಅನುಮಾನ ಬಂತು, ಆದರೂ ತಲೆಯಾಡಿಸಿದೆ. ಇಲ್ಲಿ ಬಹಳ ಪ್ರಶಾಂತ, ಎದುರುಮನೆಯವರು ಯಾರೆಂದು ತಮಗೇ ಇನ್ನೂ ಗೊತ್ತಿಲ್ಲ ಎಂದು ಮಾಲೀಕರು ಹೆಮ್ಮೆಯಿಂದ ಹೇಳಿದರು. ಕವಿತಾ ಗೇಟಿನ ಹೊರಗೆ ಹೋಗಿ ಸುಮಾರು ಹೊತ್ತು ಕಿವಿಗೊಟ್ಟು ನಿಂತಳು.

"ಇಲ್ಲಿ ನಾನ್ ಬಿದ್ರೆ ಯಾರ್ಗೆ ಕೇಳ್ತೈತೆ?" ಎಂದಳು.

ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಊರಿಗೆ ಮರಳಿ ಈ ಸಂಗತಿಯನ್ನು ಮಾದತ್ತೆಗೆ ಹೇಳಿದೆ. ಮಾದತ್ತೆ ನನ್ನ ಅಪ್ಪನ ತಂಗಿ. ಪಾಲಕೋಡಿನ ಮಂಡಿಯಲ್ಲಿ ಟೊಮೆಟೊ ಆರಿಸುವ ಕೆಲಸ. ಹೊರಗೆ ಮಳೆ ಬರುತ್ತಿತ್ತು ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಆ ಮಳೆ ಬರವಣಿಗೆಗೆ ಚೆಂದವೆಂದು ಬಂದದ್ದು, ಪಾಲಕೋಡಿಗೆ ಬಂದದ್ದಲ್ಲ. ಅತ್ತೆಯ ಕೈಚಳಕ ಮಾತ್ರ ನಾನು ಕಟ್ಟಿ ಹೇಳಿದ್ದಲ್ಲ. ರಾಶಿಯಿಂದ ಎತ್ತಿದ ಟೊಮೆಟೊವನ್ನು ಅವಳು ನೋಡುವುದೇ ಇಲ್ಲ. ಬೆರಳಲ್ಲೇ ತಿಳಿದು ಮೂರು ಕಡೆಗೆ ಹಾಕುತ್ತಾಳೆ, ಗಟ್ಟಿಕಾಯಿ, ದೋರಗಾಯಿ, ಹಣ್ಣು. ಮಂಡಿಯಿಂದ ಕ್ರೇಟುಗಳು ಚೆನ್ನೈನ ಬೇರೆ ಬೇರೆ ಭಾಗಕ್ಕೆ ಹೋಗುತ್ತವೆ, ಅಲ್ಲಿನ ದೂರುಗಳು ಲಾರಿಯಲ್ಲೇ ವಾಪಸು ಬರುತ್ತವೆ. ಚೆನ್ನೈಗೆ ಕಾಲಿಡದ ಮಾದತ್ತೆಗೆ ಅಲ್ಲಿನ ಅಡುಗೆಮನೆಗಳೆಲ್ಲ ಪರಿಚಯ.

"ಲೇ, ಗಟ್ಟಿಕಾಯಿ ಕೇಳೋ ಏರಿಯಾಗೆ ಓಗ್ಬ್ಯಾಡ," ಎಂದಳು, ಕೈ ನಿಲ್ಲಿಸದೆ. "ಅವ್ರು ಫ್ರಿಜ್ಜಲ್ಲಿಟ್ಟು ವಾರಕ್ಕೊಂದ್ಸಲ ಬಾಗ್ಲು ತೆಗೀತಾರೆ. ಅಣ್ಣು ಕೇಳೋ ಕಡೆ ಓಗು. ಅಣ್ಣು ನಾಳೆಗೆ ಇರಾಕಿಲ್ಲ, ದಿನಾ ಬೀದಿಗ್ ಬರ್ಲೇಬೇಕು. ದಿನಾ ಬರೋರಿಗೆ ನಿನ್ ಎಂಡ್ರು ಮುಖ ಗೊತ್ತಾಯ್ತೈತೆ."

ಅತ್ತೆ ಇಷ್ಟು ಉದ್ದ ಮಾತಾಡಲೇ ಇಲ್ಲ, ಅರ್ಧ ನಿನ್ನದೇ ಎನ್ನುತ್ತಾಳೆ ಅಲ್ಲೇ ಇದ್ದ ಕವಿತಾ. ಇರಬಹುದು. ಯಾವ ಅರ್ಧ ಎಂದು ಕೇಳಿದರೆ ಅವಳೂ ಹೇಳುವುದಿಲ್ಲ. ಅತ್ತೆ ಆಗಲೇ ಲಾರಿ ಡ್ರೈವರನಿಗೆ ಫೋನ್ ಮಾಡಿ, ಹಣ್ಣು ಎಲ್ಲಿ ಹೆಚ್ಚು ಇಳಿಯುತ್ತದೆ ಎಂದು ಕೇಳಿ, ಶಾಲೆಗೆ ಹತ್ತಿರದ ಒಂದು ಬೀದಿಯ ಗುರುತು ತಿಳಿಸಿದ್ದಕ್ಕೆ ಮಾತ್ರ ಇಬ್ಬರೂ ಸಾಕ್ಷಿ.

ಬೀದಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಬಾಡಿಗೆ ಏರಿಬಿಟ್ಟೀತು. ನನ್ನ ಲೆಕ್ಕದಲ್ಲಿ ಅದು ಬಾಡಿಗೆ ಬಿಟ್ಟು ಉಳಿದೆಲ್ಲ ಗೆರೆಗಳಲ್ಲೂ ಫೇಲು. ಶಾಲೆಗೆ ಹದಿನೈದು ನಿಮಿಷದ ನಡಿಗೆ, ನೀರು ಒಂದು ದಿನ ಬಿಟ್ಟು ಒಂದು ದಿನ. ಆ ಫ್ಲ್ಯಾಟಿನ ಹಾಲ್‌ನೊಳಗೆ ಇಲ್ಲಿನ ಮನೆ ಪೂರ್ತಿ ಕೂರುತ್ತದೆ. ಆದರೆ ತಿರುವಿನಲ್ಲಿ ಇಸ್ತ್ರಿ ಗಾಡಿ, ಅದರಾಚೆ ಇಡ್ಲಿ ಮಾರುವಾಕೆ, ಆಮೇಲೆ ತರಕಾರಿ, ಹೂವು. ಎಲ್ಲರೂ ಬೀದಿಯ ಆ ತುದಿಯಿಂದ ಈ ತುದಿಗೆ ಕೂಗಿಯೇ ಮಾತಾಡುವವರು. ಕವಿತಾ ಮತ್ತೆ ಕಿವಿಗೊಟ್ಟು ನಿಂತಳು. ಈ ಸಲ ಅವಳು ಏನನ್ನೂ ಕೇಳುವ ಮೊದಲೇ ಯಾರೋ ಅವಳನ್ನು ಕೇಳಿದರು: ಯಾವ ಊರಮ್ಮಾ, ಇಲ್ಲಿ ಚರಂಡಿ ಕಲ್ಲು ಎದ್ದಿದೆ, ಎಡಕ್ಕೆ ಬಾ. ಅವಳು ಎಡಕ್ಕೆ ಬಂದಳು. ಅಲ್ಲೇ ಮನೆ ನಿಶ್ಚಯವಾಯಿತು.

ಶಾಲೆ ಶುರುವಾದ ಮೇಲೆ ಒಂದು ವಾರ ನಾನೇ ಜೊತೆಗೆ ಹೋಗಿ ದಾರಿ ರೂಢಿ ಮಾಡಿಸಿದೆ ಎಂದು ಬರೆಯುವ ಆಸೆ. ನಿಜವೆಂದರೆ ಮೂರು ದಿನ. ನಾಲ್ಕನೆಯ ದಿನ ಅವಳು, ಇನ್ನು ಬರಬೇಡ ಎಂದು ಹೊರಟಳು. ನಾನು ಸರಿ ಎಂದು, ಚಪ್ಪಲಿ ಬಿಟ್ಟು, ಸದ್ದಾಗದಂತೆ ಹಿಂದೆ ಹೊರಟೆ.

ಹೂವಿನಾಕೆ ನನ್ನನ್ನು ತಡೆದಳು. ಎದ್ದೇಳಲೂ ಇಲ್ಲ, ಕಾಲು ಚಾಚಿದಳು ಅಷ್ಟೇ.

"ಯಾರ್ಪಾ ನೀ? ಬರಿಗಾಲಲ್ಲಿ ಟೀಚರಮ್ಮನ ಹಿಂದೆ ಏನು ಕೆಲಸ?" ತಮಿಳಿನಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ.

ಗಂಡ ಎಂದೆ. ಮೂರು ದಿನವೂ ಬೀದಿ ನೋಡಿದ್ದು ಅವಳ ಕೋಲನ್ನು, ನನ್ನನ್ನಲ್ಲ. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅದು ಟೀಚರೇ ಹೇಳಲಿ ಎಂದು ಹೂವಿನಾಕೆ ಅವಳನ್ನು ಕೂಗಿ ಕೇಳಿದಳು. ಕವಿತಾ ನಿಂತಳು, ತಿರುಗಲಿಲ್ಲ.

"ಎರಡು ಮಾತು ಆಡೋಕೆ ಹೇಳಿ ಅಕ್ಕಾ, ದನಿ ಕೇಳಿ ಹೇಳ್ತೀನಿ."

ಬೀದಿ ಕಾಯಿತು. ಕೊನೆಗೆ, "ಸರಿ, ನಾನ್ ವಾಪಸ್ ಓಯ್ತೀನಿ," ಎಂದೆ, ನಮ್ಮೂರ ಕನ್ನಡದಲ್ಲಿ.

"ಅವ್ರೇ," ಎಂದಳು ಕವಿತಾ, ಕೋಲು ತಟ್ಟುತ್ತಾ ಮುಂದೆ ನಡೆದಳು.

ಹೂವಿನಾಕೆ ಕಾಲು ಮಡಚಿಕೊಂಡಳು, ಆದರೆ ಶಾಲೆಯ ಕಡೆಗಲ್ಲ, ಮನೆಯ ಕಡೆಗೆ ಕೈ ತೋರಿಸಿದಳು. ಆರು ವರ್ಷದಲ್ಲಿ ಮೊದಲ ಸಲ ನಾನು ಕವಿತಾಳಿಗೆ ಬೆನ್ನು ಮಾಡಿ ನಡೆದೆ. ತಿರುಗಿ ನೋಡಲಿಲ್ಲ. ಧೈರ್ಯದಿಂದ ಎಂದು ಬರೆಯಬಹುದು. ನೋಡಿದ್ದರೆ ಹೂವಿನಾಕೆ ಬಿಡುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.