ಎಚ್-ಆರು ಯಾರ ತಪ್ಪು?

ಅವಳಿಗೆ ಸಮಾಧಾನಕ್ಕ ಎಂದು ಹೆಸರಿಟ್ಟವರು ಪಕ್ಕದ ಕುರ್ಚಿಯವರು. ಬಟ್ಟೆ ಒಗೆದು ಒಣಗಿಸಿಯೂ ಕೊಡುವ ಮೆಷಿನ್ ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ ಅವಳಿಗೆ ಕೆಲಸ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಳೆಂದರೆ, ಆ ಕಡೆಯಿಂದ ಎಷ್ಟೇ ಹಾರಾಡಿಕೊಂಡು ಬಂದವರೂ ಸ್ವಲ್ಪ ಹೊತ್ತಿನಲ್ಲಿ ತಣ್ಣಗಾಗುತ್ತಿದ್ದರು. ಅವಳ ಹೊಟ್ಟೆಯೊಳಗೆ ಏನು ಕುದಿಯುತ್ತಿತ್ತು ಎಂದು ಕೇಳಿದವರು ಯಾರೂ ಇಲ್ಲ. ಹೆಡ್‌ಫೋನಿಗೆ ದನಿ ಗೊತ್ತಾಗುತ್ತದೆ, ಹಲ್ಲು ಕಚ್ಚಿದ್ದು ಗೊತ್ತಾಗುವುದಿಲ್ಲ.

ಕೆಲಸದಲ್ಲಂತೂ ಪಳಗಿದವಳು. ಮೆಷಿನ್ನಿಗೆ ತೊಂದರೆಯಾದರೆ ಅದರ ಮುಖದ ಮೇಲೆ ಒಂದು ಅಕ್ಷರ, ಒಂದು ಅಂಕಿ ಮಿನುಗುತ್ತದೆ. ಇ-ಒಂದು ಎಂದರೆ ನೀರು ಬರುತ್ತಿಲ್ಲ; ಅರ್ಧಕ್ಕರ್ಧ ಜನ ನಲ್ಲಿ ತಿರುಗಿಸುವುದನ್ನೇ ಮರೆತಿರುತ್ತಾರೆ. ಇ-ನಾಲ್ಕು ಎಂದರೆ ಕೊಳೆನೀರು ಹೊರಗೆ ಹೋಗುತ್ತಿಲ್ಲ.

"ಕೆಳಗಡೆ ಬಲಕ್ಕೆ ಒಂದು ಸಣ್ಣ ಮುಚ್ಚಳ ಇದೆ ನೋಡಿ. ಮೊದಲು ಒಂದು ತಟ್ಟೆ ಇಟ್ಕೊಳ್ಳಿ, ಆಮೇಲೆ ನಿಧಾನಕ್ಕೆ ತಿರುಗಿಸಿ. ನೀರು ಬರುತ್ತೆ, ಗಾಬರಿ ಬೇಡ," ಎನ್ನುತ್ತಿದ್ದಳು.

ಆ ಮುಚ್ಚಳದ ಹಿಂದಿನಿಂದ ಹೇರ್‌ಪಿನ್ನು, ಅಂಗಿಯ ಗುಂಡಿ, ಕೂಸಿನ ಕಾಲುಚೀಲ, ಒಮ್ಮೆ ಒಬ್ಬ ಅಜ್ಜ ಕಟ್ಟಿಸಿಕೊಂಡಿದ್ದ ಹಲ್ಲು ಕೂಡ ಹೊರಬಿದ್ದಿತ್ತು. ಅಜ್ಜ ಅದನ್ನು ತೊಳೆದು ಬಾಯಿಗಿಟ್ಟುಕೊಂಡು, ಅವಳನ್ನೇ ಹುಡುಕಿ ಮತ್ತೆ ಫೋನ್ ಮಾಡಿ, "ಈಗ ನನ್ನ ಮಾತು ಸರಿಯಾಗಿ ಕೇಳುತ್ತಾ ತಾಯಿ?" ಎಂದು ವಿಚಾರಿಸಿಕೊಂಡಿದ್ದರು.

ಇಂಥ ಗುರುತುಗಳ ಬಗ್ಗೆ ಅವಳ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಎಚ್-ಆರರ ಮೇಲೆ. ಅದು ತಕರಾರಲ್ಲ, ಮೈ ಉರಿ.

ಆ ಮೆಷಿನ್ ಒಂದು ಸಲಕ್ಕೆ ಎಂಟು ಕಿಲೋ ಬಟ್ಟೆ ಒಗೆಯುತ್ತದೆ. ಒಣಗಿಸುವುದು ಐದು ಕಿಲೋ ಮಾತ್ರ. ಒಗೆದಾದ ಮೇಲೆ ಬಾಗಿಲು ತೆಗೆದು ಮೂರು ಕಿಲೋ ಹೊರಗಿಡಬೇಕು. ಇಡದಿದ್ದರೆ ಅದು ಗಂಟೆಗಟ್ಟಲೆ ಬಿಸಿಯಾಗಿ ತಿರುಗಿ ತಿರುಗಿ, ಕೊನೆಗೆ ಎಚ್-ಆರು ಎಂದು ಕಣ್ಣು ಮಿಟುಕಿಸಿ ನಿಂತುಬಿಡುತ್ತದೆ. ಬಟ್ಟೆ ಒಳಗೆ ಬೆಚ್ಚಗೆ, ಒದ್ದೊದ್ದೆಯಾಗಿ ಮುದ್ದೆಯಾಗಿ ಕೂತಿರುತ್ತದೆ. ಮೆಷಿನ್ ಬರುವ ಪೆಟ್ಟಿಗೆಯ ಮುಂದೆ ನೋಡಿದರೆ ಅಂಗೈ ಅಗಲದ ಎಂಟು. ಅದರ ಕೆಳಗೆ, 'ಹಾಕಿ, ಗುಂಡಿ ಒತ್ತಿ, ಒಣಗಿದ ಬಟ್ಟೆ ತೆಗೆಯಿರಿ.' ಹಾಗಾದರೆ ಐದು ಎಲ್ಲಿದೆ? ಪೆಟ್ಟಿಗೆಯ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕೊಂಡವರು ಎಂಟು ಕಿಲೋ ಹಾಕಿ ಗುಂಡಿ ಒತ್ತುತ್ತಾರೆ. ಇನ್ನೇನು ಮಾಡಬೇಕು, ಅವರಿಗೆ ಕನಸು ಬೀಳಬೇಕೇ?

ಎಚ್-ಆರು ಎಂದು ಯಾರಾದರೂ ಫೋನ್ ಮಾಡಿದರೆ ಏನು ಹೇಳಬೇಕೆಂದು ಕಂಪ್ಯೂಟರಿನ ಪರದೆ ಮೇಲೆ ಬರೆದೇ ಇರುತ್ತಿತ್ತು. ಅದಕ್ಕೆ ಅಲ್ಲಿಯವರು ಪಾಠ ಎನ್ನುತ್ತಿದ್ದರು. 'ತಾವು ಬಟ್ಟೆ ಹೆಚ್ಚು ತುಂಬಿದ್ದೀರಿ. ದಯವಿಟ್ಟು ಸೂಚನೆಗಳನ್ನು ಪಾಲಿಸಿ.' ಅಷ್ಟೇ. ಐದು ಎಂಬ ಮಾತು ಬಾಯಿಂದ ಬೀಳಕೂಡದು, ಫೋನ್ ಮಾಡಿದವರು ತಾವಾಗಿಯೇ ಕೇಳಿದರೆ ಮಾತ್ರ ಹೇಳಬಹುದು. ಗೊತ್ತಿಲ್ಲದವರು ಅದನ್ನು ಕೇಳುವುದಾದರೂ ಹೇಗೆ? ಬಚ್ಚಿಟ್ಟವರು ಹಾಯಾಗಿದ್ದರು, ಗೂಬೆ ಕೂರುತ್ತಿದ್ದದ್ದು ಬಟ್ಟೆ ಹಾಕಿದವರ ತಲೆ ಮೇಲೆ. ಸಮಾಧಾನಕ್ಕ ವರ್ಷಗಟ್ಟಲೆ ಆ ಗಿಣಿಪಾಠವನ್ನು ಜೇನಿನಂಥ ದನಿಯಲ್ಲಿ ಒಪ್ಪಿಸಿದ್ದಳು, ಒಪ್ಪಿಸಿದಾಗೆಲ್ಲ ಒಂದು ಲೋಟ ನೀರು ಕುಡಿದಿದ್ದಳು.

ಬಾಯಿಗೆ ಬೀಗ ಹಾಕಿಕೊಳ್ಳಲು ಅವಳಿಗೂ ಕಾರಣವಿತ್ತು. ಅವಳ ಗಂಡ ಬಸ್ ಡ್ರೈವರ್. ಮೊದಲ ಗಾಡಿ ಅವನದು, ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅವಳದು ಮಧ್ಯಾಹ್ನಕ್ಕೆ ಶುರುವಾಗುವ ಪಾಳಿ. ಅವನು ಬಾಗಿಲು ತಳ್ಳಿ ಒಳಗೆ ಬರುವಾಗ ಅವಳು ಚಪ್ಪಲಿ ಮೆಟ್ಟಿ ಹೊರಟಿರುತ್ತಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ಅವನು ನಿದ್ದೆ. "ನಮ್ಮಿಬ್ಬರ ಸಂಸಾರ ನಡೀತಿರೋದು ಹೊಸ್ತಿಲ ಮೇಲೆ," ಎಂದು ಅವನು ನಗುತ್ತಿದ್ದ. ಖಾಯಂ ಆದವರಿಗೆ ಬೆಳಗಿನ ಪಾಳಿ ಸಿಗುತ್ತಿತ್ತು. ಆ ತಿಂಗಳು ಖಾಯಂ ಆಗುವವರಲ್ಲಿ ಅವಳೂ ಇದ್ದಳು. ಟೀಮ್ ಲೀಡರ್ ಅವಳ ರೆಕಾರ್ಡ್ ಆದ ಕೆಲವು ಕರೆಗಳನ್ನು ಕೇಳಿ ಸೈ ಅನ್ನುವುದಷ್ಟೇ ಬಾಕಿ. ಸಂಜೆ ಜೊತೆಯಲ್ಲಿ ಕೂತು ಊಟ ಮಾಡುವುದನ್ನು ನೆನೆಸಿಕೊಂಡೇ ಅವಳು ಆ ವಾರವೆಲ್ಲ ನಾಲಿಗೆ ಕಚ್ಚಿಕೊಂಡಿದ್ದಳು.

ಆಗ ಬಂತು ಆ ಫೋನು.

"ಮೇಡಂ, ಎಚ್-ಆರು ಅಂತ ಬರ್ತಿದೆ," ಎಂದಿತು ಒಂದು ಹೆಣ್ಣುದನಿ, ಪಿಸುಗುಡುವ ಹಾಗೆ. "ನಮ್ಮತ್ತೆ ಹಾಸಿಗೆ ಹಿಡಿದಿದಾರೆ. ಅವರ ಹಾಸು, ಹೊದಿಕೆ ಎಲ್ಲಾ ಒಳಗಿದೆ. ಒಂದೂ ಒಣಗಿಲ್ಲ."

ಅವಳು ಬಾಯಿ ತೆರೆಯುವ ಮೊದಲೇ ಫೋನು ಕೈ ಬದಲಾಯಿತು. ಈಗ ಗಂಡುದನಿ. "ಸ್ಪೀಕರ್‌ಗೆ ಹಾಕಿದೀನಿ. ಎಲ್ಲಾರೂ ಕೇಳಿಸ್ಕೊಳ್ಲಿ. ಇವಳು ಏನು ತಪ್ಪು ಮಾಡಿದ್ಲು ಅಂತ ಹೇಳಿಬಿಡಿ. ಹೋದ ಸಲಾನೂ ನಿಮ್ಮವರೇ ಹೇಳಿದ್ರಲ್ಲ, ಜಾಸ್ತಿ ತುಂಬಿದೀರಾ ಅಂತ. ನಾನು ಹೇಳಿದ್ರೆ ಇವಳ ತಲೆಗೆ ಹೋಗಲ್ಲ."

ಹಿಂದೆ ಯಾರೋ ಮುದುಕಿ ಕೆಮ್ಮಿದ್ದು ಕೇಳಿಸಿತು. ಆ ಹೆಂಗಸಿನ ದನಿ ಮಾತ್ರ ಎಲ್ಲೂ ಇಲ್ಲ. ಪರದೆಯ ಮೇಲೆ ಪಾಠ ಕಾಯುತ್ತಿತ್ತು. ಸಮಾಧಾನಕ್ಕ ಅದನ್ನೇ ನೋಡಿದಳು. ಇಷ್ಟು ವರ್ಷ ತಾನು ಓದಿದ್ದು ಬರೀ ಪಾಠ ಎಂದುಕೊಂಡಿದ್ದಳು. ಅದು ಮನೆಮನೆಗೂ ಹೋಗಿ ತೀರ್ಪಾಗಿ ಕೂತಿತ್ತು.

"ಸರ್, ತಪ್ಪು ಅವರದಲ್ಲ," ಎಂದಳು.

"ಏನು?"

"ಅವರದಲ್ಲ. ಈ ಮೆಷಿನ್ನು ಎಂಟು ಕಿಲೋ ಒಗೆಯುತ್ತೆ, ಐದೇ ಕಿಲೋ ಒಣಗ್ಸುತ್ತೆ. ಅದನ್ನ ನಾವು ಪೆಟ್ಟಿಗೆ ಹಿಂದೆ ಯಾರಿಗೂ ಕಾಣದ ಹಾಗೆ ಬರೆದಿದೀವಿ. ನಿಮ್ಮ ಮನೆಯವರು ಮುಂದೆ ಬರೆದಿದ್ದನ್ನ ನಂಬಿದ್ರು. ನಂಬಿದ್ದು ತಪ್ಪಾ? ತಪ್ಪು ನಮ್ಮದು. ಹೋದ ಸಲ ಹೇಳಿದ್ದೂ ತಪ್ಪೇ. ಈಗ ಬಾಗಿಲು ತೆಗೆದು ಎರಡು ಹೊದಿಕೆ ಹೊರಗೆ ಹಾಕಿ. ಅವರಲ್ಲ ಸರ್, ನೀವೇ."

ಆಮೇಲೆ ಆ ಗಂಡುದನಿ, ಬಹಳ ಸಣ್ಣಗೆ, "ಇದರ ಬಾಗಿಲು ತೆಗೆಯೋದು ಹೇಗೆ?" ಎಂದಿತು. ಅದನ್ನು ಹೇಳಿಕೊಟ್ಟದ್ದು ಸಮಾಧಾನಕ್ಕ ಅಲ್ಲ, ಅವನ ಹೆಂಡತಿ. ಪಿಸುದನಿಯಲ್ಲಲ್ಲ.

ಟೀಮ್ ಲೀಡರ್ ಮಾರನೇ ದಿನವೇ ಗಾಜಿನ ಕೋಣೆಗೆ ಕರೆಸಿದ. ಅವಳಿಗಿಂತ ಚಿಕ್ಕವನು, ಕೆಟ್ಟವನೇನಲ್ಲ, ಬಿಳಿ ಅಂಗಿಯ ತೋಳನ್ನು ಮಡಚಿ ಬಿಚ್ಚಿ ಮಾಡುತ್ತ ಕೂತಿದ್ದ.

"ನೀವು ಹೀಗೆ ಮಾಡ್ತೀರಿ ಅಂದ್ಕೊಂಡಿರಲಿಲ್ಲ ಮೇಡಂ."

"ನಾನು ಹೇಳಿದ್ರಲ್ಲಿ ಸುಳ್ಳೇನಿದೆ ಸರ್?"

"ಸುಳ್ಳು, ನಿಜ ಅಂತಲ್ಲ. ಪಾಠದಲ್ಲಿ ಇಲ್ಲ."

"ಹಾಗಾದ್ರೆ ಪಾಠದಲ್ಲಿ ಸೇರಿಸಿ."

"ಅದು ನನ್ನ ಕೈಲಿಲ್ಲ."

"ನನ್ನ ಕೆಲಸ ಖಾಯಂ ಮಾಡದೆ ಇರೋದು?"

ಅದು ಅವನ ಕೈಲಿತ್ತು. ನೋಡಿ ನ್ಯಾಯ ಹೇಗಿದೆ: ಇರುವೆ ಸಾಲಿನ ಅಕ್ಷರ ಬರೆಸಿದವನು ಯಾರೋ, ಎಲ್ಲಿದ್ದಾನೋ, ಅವನ ಕುರ್ಚಿ ಅಲುಗಲಿಲ್ಲ. ಓದಿ ಹೇಳಿದವಳ ಕುರ್ಚಿಗೆ ಕುತ್ತು ಬಂತು, ಖಾಯಂ ಆಗಲಿಲ್ಲ. ಅವಳು ಹೊಸ್ತಿಲಲ್ಲಿ ವಿಷಯ ಹೇಳಿದಾಗ ಗಂಡ ಬಸ್ಸಿನ ಧೂಳಿನಲ್ಲೇ ನಿಂತು ಕೇಳಿಸಿಕೊಂಡ. "ಹೊಸ್ತಿಲು ನಮಗೇನು ಹೊಸದಾ," ಎಂದ. ಅವನು ಬೈದಿದ್ದರೆ ವಾಸಿಯಿತ್ತು. ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಕಣ್ಣುರಿ.

ಕಂಪನಿ ಅಷ್ಟಕ್ಕೇ ಬಿಡಲಿಲ್ಲ. ತಪ್ಪಿದವರು ಹೊಸಬರ ಜೊತೆ ಕೂತು ಮೊದಲಿಂದ ಕಲಿಯಬೇಕೆಂಬ ನಿಯಮ ಒಂದಿತ್ತು. ಅವಳನ್ನು ತರಬೇತಿ ಕೋಣೆಯ ಕೊನೆಯ ಸಾಲಿನಲ್ಲಿ ಕೂರಿಸಿದರು. ಟೀಮ್ ಲೀಡರ್ ಎಲ್ಲರ ಮುಂದೆ, "ಗ್ರಾಹಕರ ಹತ್ತಿರ ಹೇಗೆ ಮಾತಾಡಬಾರದು ಅಂತ ಒಂದು ಉದಾಹರಣೆ," ಎಂದು ಅವಳದೇ ಕರೆಯನ್ನು ಹಾಕಿದ. 'ತಪ್ಪು ನಮ್ಮದು' ಎಂದು ಅವಳ ದನಿ ಕೋಣೆಯ ತುಂಬ ಕೇಳಿಸಿತು. ಹೊಸಬರು ಪರಸ್ಪರ ಮುಖ ನೋಡಿಕೊಂಡರು. ಅವಳಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಹೇಳಿದ ಸುಳ್ಳನ್ನು ಒಂದು ದಿನವಾದರೂ ಹೀಗೆ ಹಾಕಿ ಕೇಳಿಸಿದ್ದರೇ ಇವರು?

"ಇದರಲ್ಲಿ ತಪ್ಪೇನು, ಯಾರು ಹೇಳ್ತೀರಿ?" ಎಂದ ಟೀಮ್ ಲೀಡರ್.

ಮುಂದಿನ ಸಾಲಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕೈ ಎತ್ತಿದಳು. ಮಕ್ಕಳು ದೊಡ್ಡವರಾದ ಮೇಲೆ ಮೊದಲ ಸಲ ಕೆಲಸಕ್ಕೆ ಬಂದವಳು, ಚೀಲವನ್ನು ತೊಡೆ ಮೇಲಿಂದ ಇಳಿಸಿರಲಿಲ್ಲ.

"ಈ ದನಿ ನಂಗೆ ಗೊತ್ತು ಸರ್. ಹೋದ ವರ್ಷ ನಾನೂ ಫೋನ್ ಮಾಡಿದ್ದೆ. ಎಚ್-ಆರೇ ಬಂದಿತ್ತು. ನೀವು ಜಾಸ್ತಿ ತುಂಬಿದೀರಿ ಅಂತ ಇದೇ ದನಿ ಹೇಳ್ತು. ನಮ್ಮವರು ಪಕ್ಕದಲ್ಲೇ ನಿಂತಿದ್ರು." ಚೀಲದ ಹಿಡಿಯನ್ನು ಸುತ್ತಿದಳು. "ಅವತ್ತಿಂದ ನಂಗೆ ಆ ಮೆಷಿನ್ ಮುಟ್ಟೋಕೆ ಬಿಟ್ಟಿಲ್ಲ. ನಿಂಗೆ ಬರಲ್ಲ, ಹಾಳು ಮಾಡ್ತೀಯ ಅಂತಾರೆ. ಅವರ ಬಟ್ಟೆ ಅವರು ಹಾಕ್ಕೋತಾರೆ. ಮಿಕ್ಕಿದ್ದೆಲ್ಲ ನಾನು ಕೈಯಲ್ಲಿ ಒಗೀತೀನಿ. ನೀವು ತಪ್ಪೇನು ಅಂತ ಕೇಳಿದ್ರಲ್ಲ, ತಪ್ಪು ಆ ಕರೇಲಿ ಇತ್ತು ಸರ್. ಇದರಲ್ಲಿ ನಂಗೇನೂ ಕಾಣ್ಲಿಲ್ಲ."

ಸಮಾಧಾನಕ್ಕ ಎದ್ದು ನಿಂತಳು. ಜೇನಿನ ದನಿಗೆ ತಡಕಾಡಿದಳು, ಸಿಗಲಿಲ್ಲ. "ಅದು ನಾನೇ ಅಮ್ಮಾ," ಎಂದಳು. "ನಿಮ್ಮ ತಪ್ಪಲ್ಲ ಅಂತ ಅವತ್ತೂ ನಂಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಇವತ್ತು ಮನೆಗೆ ಹೋಗಿ ಹೇಳಿ. ಅವರು ನಂಬದಿದ್ರೆ ಫೋನ್ ಮಾಡಿ, ನಾನೇ ಹೇಳ್ತೀನಿ."

ಆ ಹೆಂಗಸು ತಿರುಗಿ ಅವಳನ್ನು ಬಹಳ ಹೊತ್ತು ನೋಡಿದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಯಾಕೆ ಹೇಳಬೇಕು?

"ಮುಂದಿನ ಪಾಠಕ್ಕೆ ಹೋಗೋಣ," ಎಂದ ಟೀಮ್ ಲೀಡರ್, ಯಾರ ಮುಖವನ್ನೂ ನೋಡದೆ.

ಗೋಡೆ ಬದಿಯ ಕುರ್ಚಿಯಿಂದ ಹೊಸಬಳೊಬ್ಬಳು ಪೆನ್ನು ತೆಗೆದು ಕೇಳಿದಳು, "ಒಣಗ್ಸೋದು ಎಷ್ಟು ಕಿಲೋ ಅಂದ್ರಿ ಅಕ್ಕಾ?"

"ಐದು," ಎಂದಳು ಸಮಾಧಾನಕ್ಕ.

ಎಲ್ಲರೂ ಬರೆದುಕೊಂಡರು.